ಸಿದ್ದಲಿಂಗಪ್ಪನ ಬಲಗಲ್ಲ

ಎಲ್ಲ ಶುರುವಾದದ್ದು ಒಂದು ಗುಟುಕು ಚಹಾದಿಂದ. ಸಿದ್ದಲಿಂಗಪ್ಪ ಬೆಳಿಗ್ಗೆ ಕಪ್ಪಿನಿಂದ ಬಸಿಗೆ ಸುರುವಿ ಆರಿಸಿದ ಚಹಾವನ್ನು ಎಡ ದವಡೆಯಿಂದ ಮೆಲ್ಲಗೆ ಹೀರುತ್ತಿದ್ದ. ನಾಲ್ಕು ವರ್ಷದಿಂದ ಅವನು ಉಣ್ಣುವುದು, ಕುಡಿಯುವುದು, ನಗುವುದು ಎಲ್ಲ ಎಡಗಡೆಯೇ. ಅಂದು ಒಂದು ಹನಿ ದಾರಿ ತಪ್ಪಿ ಬಲಗಡೆಗೆ ಹೋಯಿತು. ಹೋದದ್ದೇ ತಡ, ಕಿವಿಯ ಬುಡದಿಂದ ತುಟಿಯ ತುದಿಯವರೆಗೆ ಕಾಯಿಸಿದ ದಬ್ಬಣ ಹಾಯ್ದಂತಾಗಿ, ಬಸಿ ಒಂದು ಕಡೆ ಬಿತ್ತು, ಸಿದ್ದಲಿಂಗಪ್ಪ ಇನ್ನೊಂದು ಕಡೆ ಬಿದ್ದ.

ಅದು ಮುಖದ ನರದ ಬೇನೆ. ಬಾವಿಲ್ಲ, ಗಾಯವಿಲ್ಲ, ನೋಡಿದವರಿಗೆ ಏನೂ ಕಾಣುವುದಿಲ್ಲ. ಕಾಣದ ರೋಗಕ್ಕೆ ಊರೆಲ್ಲ ವೈದ್ಯರು. ಓಣಿಯವರ ಮಾತು ಕೇಳಿ ಅವನು ಮೂರು ಹಲ್ಲು ಕೀಳಿಸಿಕೊಂಡಿದ್ದ. ಮೂರೂ ಕಬ್ಬು ಸಿಗಿಯುವಂಥ ಗಟ್ಟಿ ಹಲ್ಲುಗಳು. ಹಲ್ಲು ಹೋದವು, ನೋವು ಮಾತ್ರ ನಿಷ್ಠೆಯಿಂದ ಉಳಿಯಿತು. ಬಲಗಲ್ಲಕ್ಕೆ ಕತ್ತಿ ಮುಟ್ಟಿಸುವಂತಿರಲಿಲ್ಲವಾದ್ದರಿಂದ ಎಡಗಲ್ಲ ನುಣ್ಣಗೆ, ಬಲಗಲ್ಲಕ್ಕೆ ಗಡ್ಡ. ಹುಬ್ಬಳ್ಳಿಯಲ್ಲಿ ಅಂಥ ಮುಖ ಇನ್ನೊಂದಿರಲಿಲ್ಲ.

"ಸಾಕಾತು," ಎಂದ ಅವನು ನೆಲದಿಂದೇಳುತ್ತ. "ಇವತ್ತ ಧಾರವಾಡಕ್ಕ ಹೋಗ್ತೇನಿ. ಮುಂಬೈ ಡಾಕ್ಟರೊಬ್ರು ಅಲ್ಲಿ ತಮ್ಮ ಮಾವನ ಮನಿಗೆ ಬಂದಾರಂತ, ಇವತ್ತೊಂದ ದಿನ ಮಂದೀನ್ನ ನೋಡ್ತಾರಂತ. ಕೊಯ್ಯಲಿ, ಕಡೀಲಿ, ಏನರ ಮಾಡ್ಲಿ."

ಹೆಂಡತಿ ಮುರಿಗೆವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. "ಕಿವಿ ಬಾಜೂಕ ತಲಿಬುರಡಿ ಕೊರದು ನರಾ ಕಡೀತಾರಂತ್ರಿ! ಬದುಕಿದ್ರೂ ಅರ್ಧ ಮಾರಿ ಮರಗಟ್ಟತೈತಂತ. ನೊಣಾ ಕುಂತ್ರೂ ತಿಳಿಯೂದಿಲ್ಲಂತ."

"ನೊಣಾ ಕುಂಡ್ರಲಿ. ಅದರ ಸಂಸಾರನೂ ಕುಂಡ್ರಲಿ."

ಪಕ್ಕದ ಮನೆಯ ಸಾವಕ್ಕ ಗೋಡೆಯ ಆಚೆಯಿಂದಲೇ ಎಲ್ಲ ಕೇಳಿಸಿಕೊಂಡು ಒಳಗೆ ಬಂದಳು. "ಬ್ಯಾಡೋ ತಮ್ಮಾ! ದೇವರು ಕೊಟ್ಟ ಮಾರಿಗೆ ಕತ್ತರಿ ಹಚ್ಚಬಾರ್ದು. ಅಲ್ಲಾ, ಸೋಮವಾರ ನನ್ನ ಮೊಮ್ಮಗಳ ಲಗ್ನದ ಸೀರಿ ತರಾಕ ಅಂಗಡಿಗೆ ಬರ್ತೇನಂದಿದ್ದಿ?"

ಸೀರೆಗೂ ನರಕ್ಕೂ ಏನು ಸಂಬಂಧ ಎಂದರೆ, ಸಂಬಂಧವಿತ್ತು. ಅಂಗಡಿಯವನು ಬೆಲೆ ಹೇಳಿದಾಗ ಸಿದ್ದಲಿಂಗಪ್ಪ ಉತ್ತರ ಕೊಡಲು ಬಾಯಿ ತೆರೆಯುತ್ತಿದ್ದ. ಬಾಯಿ ತೆರೆದರೆ ನೋವು ಬರುತ್ತಿತ್ತು, ನೋವು ಬಂದರೆ ಮುಖ ಹಿಂಡಿದ ನಿಂಬೆಹೋಳಾಗುತ್ತಿತ್ತು. ಅದನ್ನು ಕಂಡ ಅಂಗಡಿಯವನು ತಾನು ಬೆಲೆ ಹೇಳಿದ್ದೇ ಮಹಾಪಾಪವೆಂದು ತಿಳಿದು ಇಳಿಸುತ್ತಿದ್ದ. ಸಾವಕ್ಕ ನಾಲ್ಕು ವರ್ಷದಲ್ಲಿ ಬಳೆಯಿಂದ ಬೋಗುಣಿಯವರೆಗೆ ಎಲ್ಲವನ್ನೂ ಹೀಗೆಯೇ ಕೊಂಡಿದ್ದಳು.

"ಖರೇ ಹೇಳ್ತೇನಿ ಸಾವಕ್ಕಾ," ಎಂದು ಮುರಿಗೆವ್ವ ಅವಳನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. "ಈ ನೋವು ಬಂದಾಗಿಂದ ಅವರು ಬಾಯಿ ತಗದು ಬೈದಿಲ್ಲ. ಆರಾಮಾದ್ರ ಮತ್ತ ಉಪ್ಪು ಹೆಚ್ಚಾತು, ಖಾರ ಕಡಿಮಿ ಆತು ಅಂತ ಸುರು ಆಗತೈತಿ." ಪಿಸುಮಾತು ಪಡಸಾಲೆಯವರೆಗೂ ಕೇಳಿಸಿತು.

ಸಿದ್ದಲಿಂಗಪ್ಪನ ಕಣ್ಣು ಬಾಗಿಲ ಹಿಂದೆ ಅಡಗಿದ್ದ ಮೊಮ್ಮಗಳು ಇಂದುವಿನ ಮೇಲಿತ್ತು. ಒಂದು ಕಾಲಕ್ಕೆ ಅವನ ಮೀಸೆ ಹಿಡಿದು ಜೋತಾಡುತ್ತಿದ್ದ ಕೂಸು ಈಗ ಅವನ ಮುಖ ತಿರುಚಿದೊಡನೆ "ಅಜ್ಜ ಸಿಟ್ಟಾಗ್ಯಾನ" ಎಂದು ಓಡುತ್ತಿತ್ತು. ಕೂಸಿಗೆ ಒಂದು ಮುತ್ತು ಕೊಡಲಾರದ ಮುಖ ಇದ್ದರೆಷ್ಟು, ಮರಗಟ್ಟಿದರೆಷ್ಟು? ದಬ್ಬಣಕ್ಕಿಂತ ಅದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಅವನು ರುಮಾಲು ಸುತ್ತಿಕೊಂಡು ಹೊರಟ.

ಧಾರವಾಡಕ್ಕೆ ಹೋಗಲು ಮೊದಲು ಸಾಹುಕಾರ ಬಸಣ್ಣನ ಅಪ್ಪಣೆ ಬೇಕಿತ್ತು. ಅರಳೆ ಪೇಟೆಯಲ್ಲಿ ಬಸಣ್ಣನ ಅಂಗಡಿಗೆ ಅರಳೆ ಕೊಳ್ಳುವ ಕೆಲಸ ಸಿದ್ದಲಿಂಗಪ್ಪನದು. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ವಸ್ತ್ರದ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಧಾರಣೆ ಹೇಳುತ್ತಾರೆ. ಬೆರಳು ಯಾರಿಗೂ ಕಾಣದ್ದರಿಂದ ಎಲ್ಲರೂ ಮುಖವನ್ನೇ ನೋಡುತ್ತಾರೆ. ಒಪ್ಪಿದ್ದಕ್ಕೆ ಮಾತ್ರ "ಆತು" ಎಂದು ಬಾಯಿಬಿಟ್ಟು ಹೇಳಬೇಕು. ಸಿದ್ದಲಿಂಗಪ್ಪನ "ಆತು" ಹೊರಗೆ ಬರುವ ಮೊದಲೇ ಮುಖ ತಿರುಚುತ್ತಿತ್ತು, ಧಾರಣೆ ಇಳಿಯುತ್ತಿತ್ತು.

ಹೋದ ಸುಗ್ಗಿಯಲ್ಲಿ ಗದಗಿನ ಹಿರಿಯ ವ್ಯಾಪಾರಿಯೊಬ್ಬರು ಗಾಡಿಗಟ್ಟಲೆ ಅರಳೆಯನ್ನು ಹೀಗೆಯೇ ಅಗ್ಗಕ್ಕೆ ಕಳೆದುಕೊಂಡು, "ಮಾರಿಗೆ ಏನಾಗೇತ್ರಿ ನಿಮಗ?" ಎಂದು ಕೇಳಿದ್ದರು. ಬೇನೆ ಎಂದು ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಡೀ ಪೇಟೆ ನೋಡುತ್ತಿತ್ತು. ಸಿದ್ದಲಿಂಗಪ್ಪ ಎಡಗಡೆಯ ಮೀಸೆ ತಿರುವಿ, "ಏನೂ ಆಗಿಲ್ರಿ, ಇದು ಕಸುಬು," ಎಂದುಬಿಟ್ಟ. ಪೇಟೆಯೆಲ್ಲ ಭಲೇ ಎಂದಿತ್ತು. ಅಂದಿನಿಂದ ಅವನ ನೋವು ಅವನ ವಿದ್ಯೆಯಾಯಿತು.

"ಆಪರೇಶನ್ನಾ?" ಎಂದು ಬಸಣ್ಣ ಗಾದಿಯಿಂದ ಅರ್ಧ ಎದ್ದ. "ನಿನಗೇನಾಗೇತಿ? ಕೈಕಾಲು ಗಟ್ಟಿ ಅದಾವು. ಮಾರಿ ಅಂತೂ ಬಂಗಾರ!"

"ನೋವು ತಾಳೂದಾಗೂದಿಲ್ರಿ, ಸಾವ್ಕಾರ್ರ."

"ನೋವು ಯಾರಿಗಿಲ್ಲೋ? ನನಗ ಮೊಣಕಾಲು ನೋಯ್ತಾವು, ಕಡಿಸ್ಕೊಂಡೇನೇನು? ನೋಡಪಾ, ಮಾರಿ ಮರಗಟ್ಟಿಸ್ಕೊಂಡು ಬಂದಿ ಅಂದ್ರ ನನ್ನ ಅಂಗಡ್ಯಾಗ ನಿನಗ ಕೆಲಸಿಲ್ಲ. ಮಾರಿ ಮರಗಟ್ಟಿದಾವ್ರು ನನ್ನ ಕಡೆ ಭಾಳ ಮಂದಿ ಅದಾರ."

ಸಿದ್ದಲಿಂಗಪ್ಪ ಒಂದು ಗಳಿಗೆ ಕಂಬ ಹಿಡಿದು ನಿಂತ. ಕೆಲಸ ಹೋದರೆ ರೊಟ್ಟಿಗೆ ಗತಿ? ರೊಟ್ಟಿ ಇದ್ದರೂ ಅಗಿಯಲಾಗದಿದ್ದರೆ ಅದು ಇದ್ದೂ ಇಲ್ಲದಂತೆ. "ಹೋದ್ರ ಹೋಗ್ಲಿ ಬಿಡ್ರಿ," ಎಂದು ಹೊರಗೆ ನಡೆದ. ನಾಲ್ಕು ವರ್ಷದಲ್ಲಿ ಅವನು ಮುಖ ತಿರುಚದೆ ಹೇಳಿದ ಮೊದಲ ಮಾತು ಅದು.

ಮಕ್ತುಮಸಾಬನ ಟಾಂಗಾ ಹೊರಗೆ ನಿಂತಿತ್ತು. ಧಾರವಾಡದ ದಾರಿಯ ಒಂದೊಂದು ತಗ್ಗೂ ಸಿದ್ದಲಿಂಗಪ್ಪನ ಗಲ್ಲದ ವಿಚಾರಣೆ ಮಾಡಿ ಕಳಿಸಿತು. ನವಲೂರು ದಾಟುವಷ್ಟರಲ್ಲಿ ಅವನು ಕಣ್ಣಷ್ಟೇ ಕಾಣುವಂತೆ ಶಾಲು ಸುತ್ತಿಕೊಂಡು ಮುದುಡಿ ಕೂತಿದ್ದ.

"ಛಲೋ ಮಾಡಿದ್ರಿ ಯಜಮಾನ್ರ," ಎಂದ ಮಕ್ತುಮಸಾಬ. "ಊರ ಮಂದಿ ನಿಮ್ಮ ನೋವಿನ ಲಾಭಾ ಅಷ್ಟ ಹಂಚಿಕೊಂಡಾರ, ನೋವು ನಿಮಗ ಬಿಟ್ಟಾರ. ಮಾಡಿಸ್ಕೊಳ್ರಿ."

ತನ್ನ ಪರವಾಗಿ ಒಬ್ಬನಾದರೂ ಇದ್ದಾನಲ್ಲ ಎಂದು ಸಿದ್ದಲಿಂಗಪ್ಪನ ಕಣ್ಣು ತುಂಬಿ ಬಂದವು.

"ಆದ್ರ ಒಂದ ಎಂಟ ದಿನ ತಡದು ಮಾಡಿಸ್ಕೊಳ್ರಿ," ಎಂದು ಮಕ್ತುಮಸಾಬ ಮುಂದುವರಿಸಿದ. "ಈ ಕುದರಿ ಮುದುಕಾಗೇತಿ. ಹೊಸಾದು ನೋಡೇನಿ. ನೀವು ಸುಮ್ಮ ಬಂದು ಬಾಜೂಕ ನಿಂತ್ರ ಆತು."

ಬಂದ ಕಣ್ಣೀರು ಬಂದ ದಾರಿ ಹಿಡಿದು ಹೋಯಿತು.

ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಮಾತಿನಲ್ಲಿ ಮೆತ್ತಗಿನವರು. ಸಿದ್ದಲಿಂಗಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ನೋವು ಎಲ್ಲಿಂದ ಎಲ್ಲಿಗೆ ಓಡುತ್ತದೆ, ಯಾವಾಗ ಬರುತ್ತದೆ ಎಂದು ತಾಳ್ಮೆಯಿಂದ ಕೇಳಿದರು. ಅಷ್ಟು ಚೆನ್ನಾಗಿ ಅವನ ನೋವನ್ನು ಇಂದಿನವರೆಗೆ ಯಾರೂ ಕೇಳಿರಲಿಲ್ಲ. ಇವರ ಕೈಯಲ್ಲಿ ಸತ್ತರೂ ಚಿಂತೆಯಿಲ್ಲ ಎನಿಸಿತು ಅವನಿಗೆ.

"ಕೆಲಸಾ ಏನ್ರಿ ನಿಮ್ಮದು?"

"ಹುಬ್ಬಳ್ಳಿ ಅರಳಿ ಪ್ಯಾಟಿ. ಬಸಣ್ಣ ಸಾವ್ಕಾರ್ರ ಅಂಗಡ್ಯಾಗ ಖರೀದಿ."

ಡಾಕ್ಟರು ತಲೆಯೆತ್ತಿ ಅವನ ಅರ್ಧ ಗಡ್ಡವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಆಪರೇಶನ್ನಿನ ಫೀ ಹೇಳಿದರು. ಎಷ್ಟು ಹೇಳಿದರೂ ಒಪ್ಪುವುದೆಂದು ಸಿದ್ದಲಿಂಗಪ್ಪ ದಾರಿಯಲ್ಲೇ ನಿಶ್ಚಯಿಸಿದ್ದ. "ಆತ್ರಿ" ಎನ್ನಲು ಬಾಯಿ ತೆರೆದ. ದಬ್ಬಣ ಹಾಯಿತು, ಮುಖ ತಿರುಚಿತು.

ಡಾಕ್ಟರು ಗಾಬರಿಯಾಗಲಿಲ್ಲ. ಕುರ್ಚಿಗೆ ಒರಗಿ ನಾಟಕ ನೋಡುವವರಂತೆ ನಕ್ಕರು. "ನಮ್ಮಪ್ಪ ಹೇಳಿದ್ದಕ್ಕಿಂತ ಛಲೋ ಮಾಡ್ತೀರಿ!"

"ಅಪ್ಪಾವ್ರಂದ್ರ..."

"ಗದಗಿನಾವ್ರು. ಹೋದ ಸುಗ್ಗ್ಯಾಗ ನಿಮ್ಮ ಈ ಮಾರಿ ನೋಡಿ ಅರಳಿ ಎಲ್ಲಾ ಕೊಟ್ಟು ಬಂದ್ರು. ಇವತ್ತಿಗೂ ಉಣ್ಣಾಕ ಕುಂತಾಗ ನಿಮ್ಮ ಹೆಸರು ತಗೀತಾರ. ಈಗ ನನ್ನ ಫೀ ಇಳಿಸಾಕ ಬಂದ್ರೇನು?"

"ದೇವರಾಣಿರಿ! ಇದು ಖರೇ ನೋವು!"

"ನಮ್ಮಪ್ಪ ಕೇಳಿದ್ರಲ್ಲ, ಮಾರಿಗೆ ಏನಾಗೇತಿ ಅಂತ. ನೀವು ಏನಂದ್ರಿ?"

ಏನಂದಿದ್ದೆನೆಂದು ಸಿದ್ದಲಿಂಗಪ್ಪನಿಗೆ ಚೆನ್ನಾಗಿ ನೆನಪಿತ್ತು.

"ಬಲಗಲ್ಲಕ್ಕ ಕತ್ತಿ ಸೈತ ಮುಟ್ಟಿಸಿಲ್ಲ. ನಮ್ಮ ಪುಸ್ತಕದಾಗೂ ರೋಗಿ ಹಿಂಗ ಇರ್ತಾನಂತ ಬರದೈತಿ. ಭಾಳ ಅಭ್ಯಾಸ ಮಾಡಿ ಬಂದೀರಿ," ಎಂದು ಡಾಕ್ಟರು ಮೆಚ್ಚುಗೆಯಿಂದ ಆ ಗಲ್ಲವನ್ನು ಒಂದು ಬೆರಳಿನಿಂದ ತಟ್ಟಿದರು. ಸಿದ್ದಲಿಂಗಪ್ಪ ಚೀರಿದ ಚೀರಿಗೆ ಹೊರಗೆ ಕಾಯುತ್ತಿದ್ದ ರೋಗಿಗಳಲ್ಲಿ ಇಬ್ಬರು ವಾಸಿಯಾಗಿ ಮನೆಗೆ ಹೋದರು. ಡಾಕ್ಟರು ಚಪ್ಪಾಳೆ ತಟ್ಟಿದರು. ಮುಂಬೈಯಲ್ಲಿ ಓದಿದ್ದೆಲ್ಲ ಒಂದು ಕಡೆ, ಅಪ್ಪನ ಮಾತು ಒಂದು ಕಡೆ. ಅವರು ಪಿತೃಭಕ್ತರು.

"ಇಂಥಾ ಗಟ್ಟಿ ಮನಷ್ಯಾನ ತಲಿ ಕೊರದು ನಾ ಪಾಪ ಕಟ್ಟಿಕೊಳ್ಳೂದಿಲ್ಲ. ಆಪರೇಶನ್ ಮಾತು ಬಿಡ್ರಿ." ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. "ಈಗ ನನ್ನದೊಂದ ಕೆಲಸ ಐತ್ರಿ. ನಾಳೆ ಮುಂಜಾನೆ ಹುಬ್ಬಳ್ಯಾಗ ಒಂದು ಮೋಟಾರು ಕಾರು ಖರೀದಿ ಮಾಡಾಂವ ಇದ್ದೇನಿ. ಮಾಲಕ ಭಾಳ ಬಿಗಿ ಮನಷ್ಯಾ, ಧಾರಣಿ ಇಳಸವಲ್ಲ. ನೀವು ಬಾಜೂಕ ಕುಂಡ್ರಬೇಕು. ಇವತ್ತಿನ ಫೀ ಮಾಫ್."

ಸಿದ್ದಲಿಂಗಪ್ಪನ ನೆತ್ತಿಗೆ ಸಿಟ್ಟು ಏರಿತು. ಮೂರು ಹಲ್ಲು, ನಾಲ್ಕು ವರ್ಷ, ಬಾಗಿಲ ಹಿಂದೆ ಅಡಗಿದ ಕೂಸು, ಬೆಳಿಗ್ಗೆ ಬಿಟ್ಟುಬಂದ ಕೆಲಸ ಎಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಸತ್ತರೂ ಬರುವುದಿಲ್ಲ ಎಂದು ಮನೆ ಹಾರುವಂತೆ ಕೂಗಬೇಕೆಂದು ಎದ್ದು ನಿಂತ. ಬಾಯಿ ತೆರೆದ.

ಕಿವಿಯ ಬುಡದಿಂದ ತುಟಿಯ ತುದಿಯವರೆಗೆ ದಬ್ಬಣ ಹಾಯಿತು.

"ಭಪ್ಪರೆ!" ಎಂದರು ಡಾಕ್ಟರು. "ನಾಳೆ ಮುಂಜಾನೆ ಇದ ಮಾರಿ ತಗೊಂಡು ಬರ್ರಿ."