ಕಡ್ಡಿರಾಂಪುರದಲ್ಲೇ ಮುಗಿಯುವ ಹಂಪಿ

ಈ ಜಗತ್ತಿನಲ್ಲಿ ಯಾವುದೂ ಶಾಶ್ವತವಲ್ಲ. ರಾಜ್ಯಗಳು ಅಳಿಯುತ್ತವೆ, ಕೋಟೆಗಳು ಉರುಳುತ್ತವೆ, ಮನುಷ್ಯ ಬರಿಗೈಯಲ್ಲಿ ಹೋಗುತ್ತಾನೆ. ಹೀಗೆಂದು ಹಿರಿಯರು ಹೇಳಿದ್ದಾರೆ. ನಮ್ಮ ಭಾವ, ಅಂದರೆ ನಮ್ಮ ಅಕ್ಕನ ಗಂಡ, ಇದನ್ನು ಒಪ್ಪುವುದಿಲ್ಲ. ಇನ್ನೊಂದು ಪ್ರತಿಯನ್ನು ಸಂಡೂರಿನಲ್ಲಿ ಇಟ್ಟಿದ್ದರೆ ಇವು ಯಾವುವೂ ಅಳಿಯುತ್ತಿರಲಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮಾಡಿದರೂ ಬಹಳ ಸ್ವಲ್ಪ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ಅವರ ಮನೆಯ ಬೀಗದ ಕೈ ಒಂದು ಅವರ ಸೊಂಟದಲ್ಲಿದ್ದರೆ, ಇನ್ನೊಂದು ಸಂಡೂರಿನ ತಮ್ಮನ ಮನೆಯಲ್ಲಿ, ಮತ್ತೊಂದು ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯ ದೇವರ ಗೂಡಿನಲ್ಲಿ ಗಣಪತಿಯ ಪಕ್ಕ ಇದೆ. ಕನ್ನಡಕವೂ ಹಾಗೆಯೇ, ಬಿಪಿ ಮಾತ್ರೆಯೂ ಹಾಗೆಯೇ.

"ಎಲ್ಲಾ ಒಂದೇ ಊರಾಗ ಇಟ್ರ, ಆ ಊರಿಗೇ ಬೆಂಕಿ ಬಿದ್ರ ಏನ್ ಮಾಡ್ತೀ ತಮ್ಮಾ?" ಎಂದು ಕೇಳಿದರು ಒಮ್ಮೆ.

"ಊರಿಗೇ ಬೆಂಕಿ ಬಿದ್ದ ಮ್ಯಾಲೆ ಬೀಗದ ಕೈಲೆ ಯಾವ ಬಾಗಿಲಾ ತಗೀತೀರಿ ಭಾವ?"

ಎಷ್ಟು ಸಲ ಪರೀಕ್ಷೆಗೆ ಕೂತರೂ ಪಾಸಾಗದ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ ನನ್ನನ್ನು ನೋಡಿ ಒಳಗೆ ಹೋದರು.

ವಿಜಯನಗರದ ಪತನದ ಬಗ್ಗೆಯೂ ಅವರದೊಂದು ಸಿದ್ಧಾಂತವಿದೆ. ಪಂಡಿತರು ಏನಾದರೂ ಹೇಳಿಕೊಳ್ಳಲಿ! "ಎರಡನೇ ಪ್ರತಿ ಪೆನುಕೊಂಡದಾಗ ಇತ್ತು, ಖರೆ. ಆದ್ರ ಮೊದಲನೇದು ಗಟ್ಟಿ ಇದ್ದಾಗ ಎರಡನೇದನ್ನ ಒಮ್ಮೆನಾದ್ರೂ ಎಬ್ಬಿಸಿ ನೋಡಿದ್ರೇನು? ಇಲ್ಲ! ಎಬ್ಬಿಸಿ ನೋಡದ ಪ್ರತಿ ಇದ್ದರೇನು, ಬಿಟ್ಟರೇನು?"

ಭಾವನ ಉದ್ಯೋಗ ಏನೆಂಬುದು ನಮ್ಮ ಕಂಪ್ಲಿ ಕಡೆಯ ನೆಂಟರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಗಿರಣಿಯವನಾದ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ದೂರದ ಊರುಗಳ ಔಷಧದ ಅಂಗಡಿಗಳು ಏನು ಕೊಂಡವು, ಏನು ಮಾರಿದವು ಎಂಬುದೆಲ್ಲ ಡೇಟಾಬೇಸು ಎಂಬ ಗೋದಾಮಿನಲ್ಲಿ ಕೂತಿರುತ್ತದೆ. ಗೋದಾಮೆಂದರೆ ನಮ್ಮದರಂತೆ ತಗಡು ಹೊದಿಸಿದ್ದಲ್ಲ. ಮುಂಬಯಿಯಲ್ಲಿ ಯಾರದೋ ಕಟ್ಟಡದಲ್ಲಿ ಬಾಡಿಗೆಗೆ ಹಿಡಿದ ಯಂತ್ರ. ಇದಕ್ಕೆ ಕ್ಲೌಡ್ ಎನ್ನುತ್ತಾರೆ. ಅಂಥದ್ದೇ ಇನ್ನೊಂದು ಹೈದರಾಬಾದಿನಲ್ಲಿದೆ. ಅದು ಮುಂಬಯಿ ಬರೆದದ್ದನ್ನೆಲ್ಲ ಹಿಂದೆಯೇ ನಕಲು ಮಾಡಿಕೊಳ್ಳುತ್ತ, ಮುಂಬಯಿ ಬಿದ್ದರೆ ತಾನು ಪಟ್ಟವೇರಲು ಯುವರಾಜನಂತೆ ಕಾಯುತ್ತಿರುತ್ತದೆ. ರಾಜ, ಯುವರಾಜ ಇಬ್ಬರನ್ನೂ ಹೊಸಪೇಟೆಯ ಕುರ್ಚಿಯಲ್ಲಿ ಕೂತು ಕಾಯುವ ದಳವಾಯಿ ನಮ್ಮ ಭಾವ.

ಇದರಲ್ಲಿ ಇನ್ನೊಂದು ಸೋಜಿಗವಿದೆ. ಈ ಡೇಟಾಬೇಸಿಗೆ ಮಾಲೀಕನೇ ಇಲ್ಲ! ಓಪನ್ ಸೋರ್ಸ್ ಅಂತೆ. ಊರ ಬಾವಿ ಇದ್ದ ಹಾಗೆ. ಯಾರು ಬೇಕಾದರೂ ನೀರು ಸೇದಬಹುದು, ಹೂಳು ತುಂಬಿದರೆ ಯಾರು ಬೇಕಾದರೂ ಇಳಿದು ತೆಗೆಯಬಹುದು. ಸೇದುವವರು ಬಹಳ, ಇಳಿಯುವವರು ಕಡಿಮೆ ಎಂಬುದು ಎಲ್ಲ ಊರ ಬಾವಿಗಳ ಹಣೆಬರಹ. ಭಾವ ಇಳಿಯುವ ಪೈಕಿ.

ಇಷ್ಟೆಲ್ಲ ವೈಭವದ ನಡುವೆ ಅಕ್ಕ ಕೇಳಿದ್ದು ಒಂದೇ ಒಂದು. ಮಾತಂಗ ಪರ್ವತದ ತುದಿಯಲ್ಲಿ ಗಂಡನ ಪಕ್ಕ ಕೂತು, ಕೆಳಗೆ ಹಂಪಿಯನ್ನೂ ಹೊಳೆಯನ್ನೂ ಕಣ್ತುಂಬ ನೋಡಬೇಕು. ಅಷ್ಟೇ. ಹೊಸಪೇಟೆಯಿಂದ ಹಂಪಿ ಎಷ್ಟು ದೂರ? ಆಟೋದಲ್ಲಿ ಕೂತು ಒಂದು ಜಗಳ ಶುರು ಮಾಡಿದರೆ ಅದು ರಾಜಿಯಾಗುವುದರೊಳಗೆ ಊರು ಬಂದಿರುತ್ತದೆ. ಲೋಕದ ಮೂಲೆಮೂಲೆಯಿಂದ ಜನ ಬಂದು ನೋಡಿ ಹೋಗುತ್ತಾರೆ. ಅಕ್ಕ ಮಾತ್ರ ಮದುವೆಯಾಗಿ ಬಂದಾಗಿನಿಂದ ಹೊರಡುತ್ತಲೇ ಇದ್ದಾಳೆ. ಇತ್ತೀಚೆಗೆ ಅವಳ ಮೊಣಕಾಲು ಬೇರೆ ತಕರಾರು ತೆಗೆದಿತ್ತು. ಸವೆದಿದೆ, ಇನ್ನು ಮೆಟ್ಟಿಲು ಕಡಿಮೆ ಮಾಡಿ ಎಂದರು ಡಾಕ್ಟರು.

"ಕಾಲು ನಡೆಯೋದ್ರೊಳಗ ಒಮ್ಮೆ ಹತ್ತಿ ಬಿಡ್ತೀನ್ರಿ. ಆಮ್ಯಾಲ ನೀವು ಏನಾರ ಮಾಡ್ಕೊರಿ," ಎನ್ನುತ್ತಿದ್ದಳು.

ಅವರು ಹೊರಟದ್ದಿಲ್ಲ ಎಂದಲ್ಲ. ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಆಟೋ ಹಂಪಿಗಿಂತ ಮೊದಲು ಸಿಗುವ ಕಡ್ಡಿರಾಂಪುರ ಮುಟ್ಟುತ್ತದೆ. ಭಾವನ ಫೋನು ಹೊಡೆದುಕೊಳ್ಳುತ್ತದೆ. ಮುಂಬಯಿ ಬಿದ್ದಿದೆ! ಅಥವಾ ಬೀಳುವ ಹಾಗಿದೆ! ಅಥವಾ ಬಿದ್ದಿಲ್ಲವಾದರೂ ಮುಖ ಬಾಡಿದೆ! ಭಾವ ರಸ್ತೆ ಬದಿಯ ಹೋಟೆಲಿನಲ್ಲಿ ಮಿರ್ಚಿ ತಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಅಕ್ಕ ಎದುರಿಗೆ ಕೂತು ಮೊದಲು ಮಿರ್ಚಿ, ಆಮೇಲೆ ಒಗ್ಗರಣೆ ಮಂಡಕ್ಕಿ, ಆಮೇಲೆ ಚಹಾ, ಕೊನೆಗೆ ತಾನೇ ಕಟ್ಟಿ ತಂದ ಬುತ್ತಿ ಮುಗಿಸುತ್ತಾಳೆ. ಮುಂಬಯಿ ಚೇತರಿಸಿಕೊಳ್ಳುವಾಗ ಹೊತ್ತು ಇಳಿದಿರುತ್ತದೆ. ಇಬ್ಬರೂ ಮನೆಗೆ ಬರುತ್ತಾರೆ.

"ಹಂಪಿ ಹೆಂಗಿತ್ತಬೇ ಅಕ್ಕಾ?" ಎಂದು ನಾನು ಕೇಳುತ್ತೇನೆ.

"ಉಪ್ಪು ಸ್ವಲ್ಪ ಕಡಿಮಿ ಇತ್ತು," ಎನ್ನುತ್ತಾಳೆ.

ಒಡ್ಡಿನ ಮದುವೆಯ ಕತೆ ಹೇಳಿದರೆ ನೀವು ನಂಬಲಿಕ್ಕಿಲ್ಲ, ಆದರೆ ವಿಡಿಯೋ ಇದೆ. ಒಡ್ಡು, ಸಂಡೂರಿನ ಕಡೆಯ ಊರು. ಅಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆ. ಮುಹೂರ್ತದ ಹೊತ್ತಿಗೆ ಫೋನು ಬಂತು, ಪೆಂಡಾಲಿನಲ್ಲಿ ಸಿಗ್ನಲ್ ಇಲ್ಲ. ಭಾವ ರೇಷ್ಮೆ ಪಂಚೆ ಮೇಲೆ ಕಟ್ಟಿ, ಲ್ಯಾಪ್‌ಟಾಪನ್ನು ಬಗಲಿಗಿಟ್ಟು, ಪಕ್ಕದ ನೀರಿನ ಟ್ಯಾಂಕು ಹತ್ತಿದರು. ವಿಡಿಯೋದಲ್ಲಿ ಅಕ್ಷತೆ ಹಾಕುವ ದೃಶ್ಯ ನೋಡಬೇಕು. ನೆಂಟರಿಷ್ಟರೆಲ್ಲ ಬಾಯಿ ತೆರೆದು ಆಕಾಶ ನೋಡುತ್ತಿದ್ದಾರೆ. ಹಾರಿಬಂದ ಅಕ್ಕಿಯಲ್ಲಿ ಮದುಮಕ್ಕಳಿಗೆ ಬಿದ್ದದ್ದು ಬಹಳ ಕಡಿಮೆ.

ಎರಡನೆಯದೊಂದು ಹೈದರಾಬಾದಿನಲ್ಲಿ ಕಾಯುತ್ತಲೇ ಇರುವಾಗ ಇವರೇಕೆ ಟ್ಯಾಂಕು ಹತ್ತಬೇಕು? ನಾನೂ ಕೇಳಿದೆ. ತೊಂದರೆ ಇರುವುದು ಯುವರಾಜನಲ್ಲಿ ಅಲ್ಲವಂತೆ, ರಾಜನಲ್ಲಿ. ಮುಂಬಯಿ ಬಿತ್ತು, ಹೈದರಾಬಾದು ಪಟ್ಟವೇರಿತು, ಸರಿ. ಸತ್ತನೆಂದುಕೊಂಡ ಹಳೆಯ ರಾಜ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು "ನಾನೇ ರಾಜ" ಎಂದು ಆಳತೊಡಗಿದರೆ? ಅರ್ಧ ಅಂಗಡಿಗಳು ಅಲ್ಲಿ ಬರೆಸುತ್ತವೆ, ಅರ್ಧ ಇಲ್ಲಿ. ಒಂದೇ ಔಷಧ ಎರಡು ಕಡೆ ಮಾರಿಹೋಗುತ್ತದೆ. ಹಾಗಾಗಬಾರದೆಂದು ಪಟ್ಟಾಭಿಷೇಕವನ್ನು ಭಾವ ಯಂತ್ರಕ್ಕೆ ಬಿಟ್ಟಿರಲಿಲ್ಲ. ತಾವೇ ನಾಡಿ ಹಿಡಿದು, ಸತ್ತದ್ದು ಖಾತ್ರಿಯಾದ ಮೇಲೆ ಕೈಯಾರೆ ಮಾಡುತ್ತಿದ್ದರು. ಹೀಗಾಗಿ ಅಕ್ಕನ ಮಾತಂಗ ಪರ್ವತ ಕಡ್ಡಿರಾಂಪುರದ ಆಚೆಗೇ ಉಳಿದಿತ್ತು.

ಇದಕ್ಕೆ ಪರಿಹಾರ ಹೊಳೆದದ್ದು ಒಂದು ಸಾರಿನಲ್ಲಿ.

ನಾನು ಗಿರಣಿಯ ಬೆಲ್ಟು ಕೊಳ್ಳಲು ಹೊಸಪೇಟೆಗೆ ಹೋದವನು ಊಟಕ್ಕೆ ಅವರ ಮನೆಗೆ ಹೋಗಿದ್ದೆ. ಭಾವನಿಗೆ ಆಗಾಗ ತಾಲೀಮು ಮಾಡುವ ಚಟ. ಎಲ್ಲ ಸರಿಯಿದ್ದಾಗಲೇ ಒಂದನ್ನು ಬೀಳಿಸಿ, ಉಳಿದದ್ದು ನಡೆಯುತ್ತದೋ ಇಲ್ಲವೋ ನೋಡುವುದು. ಅಕ್ಕನ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕುವ ಹೊತ್ತಿಗೆ ಸರಿಯಾಗಿ ಮೇನ್ ಸ್ವಿಚ್ ಇಳಿಸಿ, ಯುಪಿಎಸ್ ಹಿಡಿಯುತ್ತದೋ ಎಂದು ಪರೀಕ್ಷಿಸಿದವರು ಇವರು. ಅವತ್ತು ಅಕ್ಕನನ್ನೇ ಬೀಳಿಸಲು ಹೊರಟರು.

"ಇವತ್ತು ನೀ ಬಿದ್ದಿ ಅಂತ ತಿಳ್ಕ."

"ಬಿದ್ದೀನಿ ಅಂದ್ರ? ಎಲ್ಲಿ ಬಿದ್ದೀನ್ರಿ?"

"ಕೆಲಸದಾಗ ನೀ ಇಲ್ಲ. ಅಡಿಗಿ ನಾ ಮಾಡ್ತೀನಿ. ಕಟ್ಟಿ ಮ್ಯಾಲೆ ಕುಂದ್ರು ಹೋಗು."

"ತಮ್ಮಾ, ನಿಮ್ಮ ಭಾವ ನನ್ನ ಇದ್ದಂಗನ ಸಾಯಿಸಾಕತ್ತಾರ ನೋಡೋ," ಎನ್ನುತ್ತ ಅಕ್ಕ ಸಂತೋಷದಿಂದಲೇ ಹೋಗಿ ಕಟ್ಟೆಯ ಮೇಲೆ ಕೂತಳು. ಒಳಗೆ ಭಾವ ಸಾರಿಗಿಟ್ಟರು. ಉಪ್ಪು ಹಾಕಿದರು. ಫೋನು ಬಂತೆಂದು ಹಿತ್ತಲಿಗೆ ಹೋದರು. ಒಗ್ಗರಣೆ ಸೀದ ವಾಸನೆ ಕಟ್ಟೆಯವರೆಗೆ ಬಂತು. ಸತ್ತವಳು ಕೂತಾಳೆಯೇ? ಎದ್ದಳು. ಒಳಗೆ ಹೋದಳು. ಒಲೆ ತಗ್ಗಿಸಿದಳು. ಕುದಿಯುವ ಸಾರು ಕಂಡ ಕೈ ಸುಮ್ಮನಿರುತ್ತದೆಯೇ? ಉಪ್ಪು ಹಾಕಿ ಬಂದಳು. ಭಾವ ತಿರುಗಿ ಬಂದವರು ತಾವು ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕಿದರು.

ತುಂಗಭದ್ರೆ ಸುತ್ತಿ ಬಳಸಿ ಕೊನೆಗೆ ಸಮುದ್ರ ಸೇರುತ್ತದೆಂದು ಶಾಲೆಯಲ್ಲಿ ಓದಿದ್ದೆ. ಅವತ್ತು ಸಮುದ್ರವೇ ತಿರುಗಿ ಬಂದು ನನ್ನ ತಟ್ಟೆಯಲ್ಲಿ ಕೂತಿತ್ತು. ನಾನು ಅತಿಥಿಧರ್ಮಕ್ಕೆ ಕಟ್ಟುಬಿದ್ದು ನುಂಗಿದೆ. ಭಾವ ಒಂದು ತುತ್ತು ಬಾಯಿಗಿಟ್ಟವರು ಕೈ ಮೇಲೆತ್ತಿ ಹಾಗೇ ಕೂತುಬಿಟ್ಟರು.

"ಲೇ, ನೀ ಎದ್ದು ಬಂದಾಗ ಕೇಳಿದ್ದೇನು, ಈಗ ಅಡಿಗಿ ಯಾರ ಕೈಯಾಗ ಐತಿ ಅಂತ?"

"ನನ್ನ ಅಡಿಗಿಮನಿಗೆ ನಾ ಹೋಗಾಕ ಯಾರನ್ನ ಕೇಳಬೇಕ್ರಿ?"

"ಇದಾ! ಮುಂಬಯಿನೂ ಹಿಂಗ ಅಂತೈತಿ!" ಎಂದು ಕೂಗಿ, ಭಾವ ಎಂಜಲ ಕೈಯಲ್ಲೇ ಲ್ಯಾಪ್‌ಟಾಪಿನತ್ತ ಓಡಿದರು.

"ಹಂಗಾದ್ರ ಆ ಮುಂಬಯಿ ನಮ್ಮ ಕಂಪ್ಲಿ ಕಡೀದ ಇರಬೇಕು," ಎಂದಳು ಅಕ್ಕ, ನನ್ನ ತಟ್ಟೆಗೆ ಮಜ್ಜಿಗೆ ಸುರಿಯುತ್ತ.

ಭಾವ ಬರೆದದ್ದು ಇಷ್ಟೇ: ಬಿದ್ದ ಯಂತ್ರ ಎದ್ದಾಗ ನೇರವಾಗಿ ಸಿಂಹಾಸನಕ್ಕೆ ನುಗ್ಗಬಾರದು. ಬಾಗಿಲಲ್ಲಿ ನಿಂತು, ಈಗ ಯಾರು ಆಳುತ್ತಿದ್ದಾರೆ ಎಂದು ಕೇಳಬೇಕು. ಬೇರೆಯವರು ಆಳುತ್ತಿದ್ದರೆ ಸುಮ್ಮನೆ ಅವರ ಹಿಂದೆ ಕೂತು ನಕಲು ಮಾಡಬೇಕು. ಉತ್ತರವೇ ಬಾರದಿದ್ದರೆ ಬಾಗಿಲಲ್ಲೇ ನಿಂತಿರಬೇಕು. ಡೇಟಾಬೇಸಿನ ಕಾವಲಿಗೆಂದೇ ಒಂದು ತಂತ್ರಾಂಶವಿದೆ, ಅದೂ ಊರ ಬಾವಿಯೇ. ಅದಕ್ಕೆ ಈ ತಿದ್ದುಪಡಿಯನ್ನು ಸೇರಿಸಿಕೊಳ್ಳಿರೆಂದು ಕಳಿಸಿದರು. ಅದರ ಹಿರಿಯರು ಜರ್ಮನಿಯಲ್ಲೊಬ್ಬರು, ಜಪಾನಿನಲ್ಲೊಬ್ಬರು. ಅವರು ಒಪ್ಪಿದರೆ ಬಾವಿಗೆ, ಇಲ್ಲದಿದ್ದರೆ ಇಲ್ಲ.

ಒಪ್ಪುವುದೆಂದರೆ ಸುಲಭವೇ? ಕನ್ಯೆ ನೋಡಲು ಬಂದವರು ಇಷ್ಟು ಕಾಡುವುದಿಲ್ಲ! ಜರ್ಮನಿಯ ಹಿರಿಯರ ಮೊದಲ ಆಕ್ಷೇಪ ಬಂದ ದಿನ ಭಾವ ಊಟ ಬಿಟ್ಟರು.

"ಬರೆದ ಸಾಲಿನ ತುದಿಗೆ ಖಾಲಿ ಜಾಗ ಬಿಟ್ಟೀನಂತ."

"ಅದರಿಂದ ಏನಾಗ್ತೈತ್ರಿ?" ಎಂದು ಅಕ್ಕ ಗಾಬರಿಯಾದಳು.

"ಏನೂ ಆಗಂಗಿಲ್ಲ. ಮರ್ಯಾದಿ ಇಲ್ಲ, ಅಷ್ಟ."

ಜಪಾನಿನವರು ಬಹಳ ವಿನಯದಿಂದ, ಇದು ಕೆಲಸ ಮಾಡುತ್ತದೆಂದು ನೂರಾರು ಸಲ ಬೀಳಿಸಿ ತೋರಿಸುವಿರಾ ಎಂದು ಕೇಳಿದರು. ಬೀಳಿಸುವುದಕ್ಕೆ ಭಾವನಿಗೆ ಆಮಂತ್ರಣ! ಆ ದಿನಗಳಲ್ಲಿ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಅವರ ಮದುವೆಯಲ್ಲೂ ಕಂಡಿರಲಿಲ್ಲ. ಎಲ್ಲ ಬೀಳಿಸಿ, ಎಬ್ಬಿಸಿ, ತೋರಿಸಿ ಕಳಿಸಿದರು. ಆಮೇಲೆ ಸುದ್ದಿಯೇ ಇಲ್ಲ. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಅಕ್ಕ ಬೆಳಿಗ್ಗೆ ಚಹಾ ಕೊಡುವಾಗ ಮೊಣಕಾಲು ನೀವಿಕೊಳ್ಳುತ್ತ, "ಬೀಗರ ಕಡಿಯಿಂದ ಏನಾರ ಬಂತೇನ್ರಿ?" ಎಂದು ಕೇಳುವುದು, ಭಾವ ತಲೆಯಲ್ಲಾಡಿಸುವುದು.

ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡಲು ನಾನು ಹೋದಾಗ ಭಾವ ಪಡಸಾಲೆಗೆ ಬಂದು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, "ತಗೊಂಡ್ರು," ಎಂದರು.

"ಮಸ್ತ್ ಆತು ಬಿಡ್ರಿ ಭಾವ! ಕಂಪನಿಯವ್ರು ಹಾರ ತುರಾಯಿ ತರ್ತಾರೇನು?"

"ಕಂಪನಿಗೆ ಇದು ಬೇಕಾಗಿದ್ದಿಲ್ಲ ತಮ್ಮಾ. ಅವ್ರಿಗೆ ಕಾಯಾಕ ನಾ ಇದ್ನಲ್ಲ." ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬ್ಯಾಸಗಿ ಬಂದ್ರ ಬೆಟ್ಟದ ಬಂಡಿಗಲ್ಲು ಕಾಯ್ತಾವ. ಅಕಿ ಮೊಣಕಾಲಿಗೆ ಆಗಂಗಿಲ್ಲ. ಜಲ್ದಿ ಹೋಗಬೇಕು."

ನಾನು ಅವರ ಕೈಗೆ ಎಳ್ಳು ಬೆಲ್ಲ ಕೊಟ್ಟೆ.

ಅವರು ಪಟ್ಟಾಭಿಷೇಕವನ್ನು ಯಂತ್ರಕ್ಕೇ ಬಿಟ್ಟು, ಕಂಪನಿಗೆ ಒಂದು ದಿನ ರಜೆ ಹೇಳಿ, ಫೋನನ್ನು ಆರಿಸಿ ಕಪಾಟಿನಲ್ಲಿಟ್ಟು ಹೊರಟರು. ಆಟೋದ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ನಾನಿದ್ದೆ. ಕಡ್ಡಿರಾಂಪುರ ಬಂದಾಗ ಅಕ್ಕ ಅಭ್ಯಾಸಬಲದಿಂದ ಸೆರಗು ಸರಿಮಾಡಿಕೊಂಡು ಇಳಿಯಲು ಸಿದ್ಧಳಾದಳು.

"ನಿಲ್ಲಿಸಬ್ಯಾಡಪ್ಪ, ನಡಿ ಮುಂದ," ಎಂದರು ಭಾವ.

ಬೆಟ್ಟದ ಕಲ್ಲಿನ್ನೂ ತಣ್ಣಗಿತ್ತು. ಅಕ್ಕ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತಳು. ಅವಳು ನಿಂತಲ್ಲೆಲ್ಲ ಭಾವನೂ ನಿಂತು, ಕೈ ಹಿಡಿದುಕೊಂಡು, ಆತುರವಿಲ್ಲದವರಂತೆ ಸುತ್ತ ನೋಡಿದರು. ನಾನು ಅರ್ಧದಲ್ಲೇ ಒಂದು ಬಂಡೆ ನೋಡಿ ಕೂತೆ. ಮೇಲೆ ತುದಿಯಲ್ಲಿ ಇಬ್ಬರ ಬೆನ್ನು ಕಾಣುತ್ತಿತ್ತು.

ಆ ಹೊತ್ತಿನಲ್ಲಿ ಮುಂಬಯಿ ಬಿದ್ದಿತ್ತು. ಹೈದರಾಬಾದು ಕೆಲಸ ಹಿಡಿಯಿತು. ಮುಂಬಯಿ ಎದ್ದಾಗ ಬಾಗಿಲಲ್ಲಿ ನಿಂತು ಕೇಳಿತು, ಹಿಂದೆ ಹೋಗಿ ಕೂತಿತು. ಭಾವನಿಗೆ ಇದು ಗೊತ್ತಾದದ್ದು ಮರುದಿನ ಬೆಳಿಗ್ಗೆ.