ಮಂಡಿಗೆ ಬಂದ ಡೆಪ್ಯುಟೇಷನ್

ನಮ್ಮ ಸೋದರತ್ತೆ ಕೂತಿದ್ದನ್ನು ನೋಡಿದ್ದೇನೆ ಎನ್ನುವವರು ನಂಜನಗೂಡಿನಲ್ಲಿ ಯಾರಾದರೂ ಸಿಕ್ಕರೆ, ನಂಬಬೇಡಿ. ಆಕೆಗೆ ಊಟ ನಿಂತೇ, ಪೇಪರು ಓಡಾಡುತ್ತಲೇ. ತಿ. ನರಸೀಪುರದ ಹೈಸ್ಕೂಲಿನಲ್ಲಿ ಪಿಟಿ ಟೀಚರು. ದಿನಾ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದೇ ನಿಲ್ಲುವರು. ಯಾಕೆ ಅಂದರೆ, ತಾನು ಕೂತರೆ ಬಸ್ಸು ನಿಧಾನವಾಗುತ್ತದಂತೆ!

ಇಂಥವರು ಒಂದು ದಿನ ಖೋ ಖೋ ಕಂಬದ ಹತ್ತಿರ ತಿರುಗುವುದು ಹೇಗೆಂದು ಹುಡುಗಿಯರಿಗೆ ತೋರಿಸಲು ಸೀರೆಯ ಸೆರಗು ಸಿಕ್ಕಿಸಿ ಓಡಿದರು. ದೇಹ ತಿರುಗಿತು, ಪಾದ ತಿರುಗಲಿಲ್ಲ. ಮಂಡಿಯೊಳಗೆ ಟಪ್ ಎಂದಿತು. ಬರೀ ಉಳುಕು ಎಂದು ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಓಡಾಡಿದರು. ಬಸ್‌ಸ್ಟ್ಯಾಂಡಿನಲ್ಲಿ ಅದೇ ಕಾಲು ಕೈಕೊಟ್ಟು ಬಿದ್ದ ಮೇಲೆಯೇ ನಾನು ಅವರನ್ನು ಮೈಸೂರಿಗೆ ಕರೆದೊಯ್ದದ್ದು.

ಲಿಗಮೆಂಟ್ ಹರಿದಿದೆ, ಹೊಲಿದರೆ ನಿಲ್ಲುವುದಿಲ್ಲ, ತೊಡೆಯ ಹಿಂಭಾಗದ ಸ್ನಾಯುವಿನ ತುದಿಯಿಂದ ನಾರಿನಂಥ ಎಳೆ ತೆಗೆದು, ಮೂಳೆಯಲ್ಲಿ ತೂತು ಕೊರೆದು ಅದರಲ್ಲಿ ಪೋಣಿಸುತ್ತೇವೆ ಎಂದು ಡಾಕ್ಟರು ವಿವರಿಸಿದರು. ಅತ್ತೆ ಯೋಚಿಸಿದರು.

"ಅಂದ್ರೆ ಡೆಪ್ಯುಟೇಷನ್ನು. ಅಲ್ಲಿ ಖಾಲಿಯಾದ ಪೋಸ್ಟಿಗೆ ಯಾರು ಬತ್ತಾರೆ ಸಾ?"

"ಅಕ್ಕಪಕ್ಕದವರು ಇನ್‌ಚಾರ್ಜ್ ನೋಡ್ಕೋತಾರೆ ಮೇಡಂ," ಎಂದರು ಡಾಕ್ಟರು. ಅವರ ಮನೆಯಲ್ಲೂ ಯಾರೋ ಸರ್ಕಾರಿ ನೌಕರರಿರಬೇಕು.

ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಗೆ ಸೊಂಟದಿಂದ ಕೆಳಗೆಲ್ಲ ಮರಗಟ್ಟಿತು. ದುರದೃಷ್ಟಕ್ಕೆ ಬಾಯಿ ಸೊಂಟದಿಂದ ಮೇಲಿದೆ. ಆಪರೇಷನ್ ಮುಗಿಯುವತನಕ ಎಲ್ಲಿಗೆ ಬಂತು, ಎಲ್ಲಿಗೆ ಬಂತು ಎಂದು ಕೇಳುತ್ತಲೇ ಇದ್ದರಂತೆ.

ಮನೆಗೆ ಬಂದ ಮೇಲೆ ಮಂಚದಿಂದಲೇ ಶಾಲೆಯ ಪೀಪಿ ಊದತೊಡಗಿದರು. ಒಂದು ಊದಿದರೆ ಮಾವ ನೀರು ತರಬೇಕು, ಎರಡು ಊದಿದರೆ ಕಾಫಿ. ಮಾವ ಆ ತಿಂಗಳು ತೆಳ್ಳಗಾದರು. ಕಾಲು ಮಡಿಸುವ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಗೇ ಡ್ರಿಲ್ಲು ಶುರುವಾಯಿತು. ಯಾವಾಗ ಓಡಬಹುದು ಎಂಬುದೊಂದೇ ಪ್ರಶ್ನೆ.

ಕೊನೆಗೆ ಆ ಹುಡುಗಿ ಊರುಗೋಲು ಬಿಡಿಸಿ, ಇನ್ನು ಬೀದಿಯಲ್ಲಿ ನಡೆಯಬಹುದು ಎಂದಳು. ಅತ್ತೆ ಬಾಣದಂತೆ ಹೊರಡುತ್ತಾರೆ, ಹಿಡಿಯುವುದು ಹೇಗೆ ಎಂಬ ಭಯದಲ್ಲೇ ನಾನು ಮರುದಿನ ಸಂಜೆ ಹೋದೆ. ಅತ್ತೆ ಹೊಸಿಲಿನ ಒಳಗೆ ನಿಂತಿದ್ದರು. ಆಚೆ ಇದ್ದದ್ದು ಒಂದು ಮೆಟ್ಟಿಲು, ಅದರ ಕೆಳಗೆ ಬೀದಿ. ಬೆಳಗ್ಗೆಯಿಂದ ಹೀಗೆ ಬಂದು ನಿಲ್ಲುತ್ತಾಳೆ, ಒಳಗೆ ಹೋಗುತ್ತಾಳೆ ಎಂದು ಮಾವ ಮೆಲ್ಲಗೆ ಹೇಳಿದರು.

"ಕಾಲು ಗಟ್ಟಿಯಾಗೇ ಅದೆ ಕಣೋ," ಎಂದರು ಅತ್ತೆ, ಮೆಟ್ಟಿಲನ್ನೇ ನೋಡುತ್ತ. "ಆದ್ರೂ ಇನ್ನೊಂದ್ಸಲ ಟಪ್ ಅಂದ್ಬುಟ್ರೆ?"

ನಾನು ಕೈ ಚಾಚಿದೆ. ಹಿಡಿದರು. ಮೆಟ್ಟಿಲಿಳಿದೆವು. ಕಪಿಲೆಯ ಕಡೆಗೆ ನಿಧಾನವಾಗಿ ನಡೆದೆವು. ಎದುರಿಗೆ ನಂಜನಗೂಡಿನಿಂದಲೇ ಅವರ ಶಾಲೆಗೆ ಹೋಗುವ ಹುಡುಗಿಯರಿಬ್ಬರು ಬಂದು ನಮಸ್ತೆ ಮಿಸ್ ಎಂದರು. ಈಗ ನನ್ನ ಕೈ ಕೊಡವುತ್ತಾರೆ ಎಂದುಕೊಂಡು ನಾನೇ ಕೈ ಸಡಿಲಿಸಿದೆ.

ಅತ್ತೆ ಇನ್ನೂ ಬಿಗಿಯಾಗಿ ಹಿಡಿದುಕೊಂಡರು.