ಕಮ್ಮಾರನ ತಿರುವಿನಲ್ಲಿ ಅಪ್ಪಣೆಯಿಲ್ಲದೆ ಕಟ್ಟಿದ ಬಲೆಯ ಕುರಿತು

ಮಾನ್ಯ ಸ್ಪರ್ಧಾ ನಿರ್ದೇಶಕರೂ, ಸ್ಕೀ ಸಂಘದ ಅಧ್ಯಕ್ಷರೂ, ಮಾಗಿಸ್ಟರ್ ಪದವೀಧರರೂ ಆದ ಶ್ರೀ ಎಂಗೆಲ್ಬರ್ಟ್ ರಾಫೈನರ್ ಅವರಿಗೆ, ಓಬರ್‌ಫಾಲ್ ಊರಿನ ಬಲೆ ತಂಡದ ಮುಖ್ಯಸ್ಥೆ ನೋಟ್‌ಬುರ್ಗಾ ಥಾಲರ್ ಮಾಡುವ ವಂದನೆಗಳು. ತಮ್ಮ ಎಡಪಕ್ಕೆಯ ಎಲುಬು ಈಗ ಹೇಗಿದೆ? ಸೀನಿದರೆ ಜೀವ ಹೋಗುವಷ್ಟು ನೋವೆಂದು ಬೇಕರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ತಮಗೆ ಈ ಚಳಿಗಾಲ ಮುಗಿಯುವ ತನಕ ಒಂದೂ ಸೀನು ಬಾರದಿರಲೆಂದು ನಮ್ಮ ತಂಡದ ಹದಿನಾಲ್ಕೂ ಮಂದಿ ಹಾರೈಸುತ್ತಿದ್ದೇವೆ.

ಮಾನ್ಯರೇ, ತಮ್ಮ ಕಚೇರಿಯ ನೋಟಿಸು ಮಂಗಳವಾರ ಕೈಸೇರಿತು. ಸಮಿತಿಯ ಅಪ್ಪಣೆಯಿಲ್ಲದೆ ಸ್ಪರ್ಧೆಯ ಇಳಿಜಾರಿನಲ್ಲಿ ಎರಡು ಸಾಲು ರಕ್ಷಣಾ ಬಲೆ ಕಟ್ಟಿದ್ದೇಕೆ ಎಂಬುದಕ್ಕೆ ಹದಿನಾಲ್ಕು ದಿನಗಳೊಳಗೆ ಲಿಖಿತ ವಿವರಣೆ ಕೊಡಬೇಕೆಂದು ಅದರಲ್ಲಿದೆ. ವಿವರಣೆಯನ್ನು ಊರಿನ ಪತ್ರಿಕೆಯ ಮೂಲಕವೇ ಸಲ್ಲಿಸುತ್ತಿದ್ದೇನೆ, ಕ್ಷಮಿಸಬೇಕು. ಆ ಬಲೆಯನ್ನು ಊರೆಲ್ಲ ನೋಡಿದೆ, ಅದರೊಳಗೆ ತಮ್ಮನ್ನೂ ನೋಡಿದೆ.

ಕಳೆದ ನವೆಂಬರಿನಲ್ಲಿ ಕರಡಿ ಹೋಟೆಲಿನ ಸಭೆಯಲ್ಲಿ ತಾವು ಎದ್ದು ನಿಂತು, ನಮ್ಮೂರಿನ ಹೆಂಗಸರ ಸ್ಕೀ ಇಳಿಜಾರು ಓಟ ನೋಡಿದರೆ ಟೀವಿಯ ಮುಂದೆ ಕೂತವರಿಗೆ ನಿದ್ದೆ ಬರುತ್ತದೆ, ರೋಮಾಂಚನ ಸಾಲದು ಎಂದು ಮನಮುಟ್ಟುವಂತೆ ವಿವರಿಸಿದಿರಿ. ಕಮ್ಮಾರನ ತಿರುವಿನ ಮೇಲಿರುವ ನೆಗೆತದ ದಿಬ್ಬವನ್ನು ಒಂದು ಮೀಟರ್ ಎತ್ತರಿಸುವುದು, ಅದಕ್ಕೂ ಮೊದಲು ಓಟಗಾರ್ತಿಯರ ವೇಗ ತಗ್ಗಿಸುತ್ತಿದ್ದ ಜೋಡಿ ಬಾವುಟದ ಗೇಟನ್ನು ಕಿತ್ತುಹಾಕುವುದು, ಹೀಗೆ ಗಂಟೆಗೆ ನೂರಹತ್ತು ಕಿಲೋಮೀಟರಿನ ಸೋಮಾರಿತನವನ್ನು ನೂರಿಪ್ಪತ್ತೈದಕ್ಕೆ ಏರಿಸುವುದು ತಮ್ಮ ಯೋಜನೆಯಾಗಿತ್ತು. ಮೂವತ್ತು ವರ್ಷ ಅಂಚೆ ವ್ಯಾನು ಓಡಿಸಿದವಳು ನಾನು. ಹಿಮದ ಮೇಲೆ ವೇಗ ಹೆಚ್ಚಾದರೆ ಗಾಡಿ ತಿರುವಿನಾಚೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನನ್ನ ಸೊಂಟಕ್ಕೆ ಚೆನ್ನಾಗಿ ಗೊತ್ತು. ಹಾಗಾಗಿ ಕೈಯೆತ್ತಿದೆ.

"ಬಿದ್ದವರು ಈಗಿರೋ ಬಲೆ ತುದಿ ದಾಟ್ಕೊಂಡು ನೇರ ಆ ಮೂರು ಲಾರ್ಚ್ ಮರದ ಹತ್ರ ಹೋಗ್ತಾರೆ. ಅಲ್ಲಿ ಇನ್ನೆರಡು ಸಾಲು ಬೇಕು" ಎಂದೆ.

"ಕ್ಯಾಮೆರಾ ಇಡೋದೇ ಅಲ್ಲಿ ಕಣಮ್ಮ, ಓಟಕ್ಕೆ ದುಡ್ಡು ಕೊಡೋ ಬೆಣ್ಣೆ ಕಂಪನಿ ಬೋರ್ಡೂ ಅಲ್ಲೇ. ಜನ ಬರೋದು ನಿನ್ನ ಬಲೆ ನೋಡೋಕಲ್ಲ, ಬುರ್ಗಿ!" ಎಂದಿರಿ ತಾವು.

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಈ ಇಡೀ ಪ್ರಕರಣದಲ್ಲಿ ನನಗೆ ನಾಚಿಕೆಯಾಗುವುದು ಆ ನಗುವಿನ ಬಗ್ಗೆ ಮಾತ್ರ.

ಜನವರಿಯಲ್ಲಿ ದಿಬ್ಬ ಎದ್ದಿತು. ಗುರುವಾರ, ಅಂದರೆ ಓಟಗಾರ್ತಿಯರ ಮೊದಲ ಅಭ್ಯಾಸದ ಹಿಂದಿನ ದಿನ, ಮರ ಕೊಯ್ಯುವ ಮಿಲ್ಲಿನ ಕಾಸಿಯಾನ್ ಮತ್ತು ನಾನು ಆ ಮೂರು ಮರಗಳ ಮುಂದೆ ನಿಂತು ಜಾಗ ಅಳೆದುಕೊಂಡೆವು. ಕೆಳಗೆ ತಾವೂ ಬೆಣ್ಣೆ ಕಂಪನಿಯವರೂ ಊಟಕ್ಕೆ ಕೂತಿದ್ದಿರಿ. ತಾವು ಸೂಪು ಮುಗಿಸಿ ಹುರಿದ ಮಾಂಸಕ್ಕೆ ಬರುವಷ್ಟರಲ್ಲಿ ನಾವು ಹಿಮದಲ್ಲಿ ತೂತು ಕೊರೆದು, ಕಂಬ ನೆಟ್ಟು, ಎರಡು ಸಾಲು ಬಲೆ ಎಳೆದು ಕಟ್ಟಿದ್ದೆವು. ಕೇಳಿದ್ದರೆ ತಾವು ಬೇಡವೆನ್ನುತ್ತಿದ್ದಿರಿ. ತಮ್ಮಂಥವರಿಂದ ಒಂದು ವಿಷಯವನ್ನು ಎರಡು ಸಲ ಬೇಡವೆನ್ನಿಸುವುದು ಅಗೌರವವೆಂದು ಕೇಳಲಿಲ್ಲ.

ಮೂರು ಗಂಟೆಗೆ ತಾವೇ ಮೇಲಿನಿಂದ ಹೊರಟಿರೆಂದು ವಾಕಿಟಾಕಿಯಲ್ಲಿ ಕೇಳಿದಾಗ ನಾವು ನಂಬಲಿಲ್ಲ. ಹೊಸ ಇಳಿಜಾರನ್ನು ಟೀವಿ ವೀಕ್ಷಕರಿಗೆ ತೋರಿಸಲು ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಐವತ್ತಾರನೆಯ ವಯಸ್ಸಿನಲ್ಲಿ ಸ್ವತಃ ಇಳಿಯುವ ನಿರ್ದೇಶಕರು ಈ ಕಣಿವೆಯಲ್ಲಿ ಹಿಂದೆ ಹುಟ್ಟಿರಲಿಲ್ಲ. ದಿಬ್ಬದ ತನಕ ತಾವು ಬಂದ ಚೆಂದವನ್ನು ನಾನು ಮನಸಾರೆ ಮೆಚ್ಚುತ್ತೇನೆ. ದಿಬ್ಬದಿಂದ ಮುಂದೆ ತಾವು ಇಷ್ಟು ದೂರ ಹಾರಬಹುದೆಂದು ತಮಗೇ ತಿಳಿದಿರಲಿಲ್ಲವೆಂದು ಕಾಣುತ್ತದೆ, ಏಕೆಂದರೆ ಗಾಳಿಯಲ್ಲಿರುವಾಗಲೇ ತಾವು ಎರಡು ಕೈಗಳಿಂದ ಏನನ್ನೋ ಹಿಡಿದುಕೊಳ್ಳಲು ನೋಡುತ್ತಿದ್ದಿರಿ. ಬೆನ್ನ ಮೇಲೆ ಬಿದ್ದು, ಜಾರಿ, ಹಳೆಯ ಬಲೆಯ ತುದಿಯನ್ನು ಆರು ಮೀಟರ್ ಅಂತರದಲ್ಲಿ ದಾಟಿ, ನಮ್ಮ ಮೊದಲ ಸಾಲನ್ನು ಕಿತ್ತುಕೊಂಡು ಎರಡನೆಯದರಲ್ಲಿ ನಿಂತಿರಿ. ನಿಂತಿರಿ ಎನ್ನುವುದು ಮರ್ಯಾದೆಯ ಮಾತು, ತಲೆ ಕೆಳಗಿತ್ತು. ಮೊದಲನೆಯ ಲಾರ್ಚ್ ಮರಕ್ಕೂ ತಮ್ಮ ಹೆಲ್ಮೆಟ್ಟಿಗೂ ನಡುವಿನ ಜಾಗವನ್ನು ಕಾಸಿಯಾನ್ ಆಮೇಲೆ ಹೆಜ್ಜೆ ಹಾಕಿ ಅಳೆದ. ನಾಲ್ಕು ಹೆಜ್ಜೆ.

ನಾನು ಓಡಿಬಂದು ತಮ್ಮ ಕೆನ್ನೆ ತಟ್ಟಿದೆ. ತಾವು ಕಣ್ಣು ಬಿಟ್ಟು, "ಯಾರು ಕಟ್ಟಿದ್ದು ಈ ಬಲೇನ?" ಎಂದು ಕೇಳಿದಿರಿ.

"ನೀವು ಬೇಡ ಅಂದಿದ್ರಲ್ಲ ಸಾರ್, ಅದೇ ಬಲೆ" ಎಂದ ಕಾಸಿಯಾನ್.

ತಾವು ಹೆಲ್ಮೆಟ್ ತಡವಿಕೊಂಡು, "ಕ್ಯಾಮೆರಾ ಇನ್ನೂ ಆನ್ ಇದೆಯಾ?" ಎಂದಿರಿ.

ಅಂದು ಸಂಜೆ ಟೀವಿಯಲ್ಲಿ ತಾವು, "ಸಮಿತಿಯ ದೂರದೃಷ್ಟಿಯಿಂದ ಕಟ್ಟಿದ ಹೆಚ್ಚುವರಿ ಬಲೆಯೇ ನನ್ನನ್ನು ಉಳಿಸಿತು" ಎಂದು ಹೇಳಿದ್ದನ್ನು ನಮ್ಮ ತಂಡ ಒಟ್ಟಿಗೆ ಕೂತು ನೋಡಿತು. ಅಷ್ಟು ಗಟ್ಟಿಯಾಗಿ ಚಪ್ಪಾಳೆ ತಟ್ಟಿದ್ದು ಕರಡಿ ಹೋಟೆಲಿನಲ್ಲಿ ಅದೇ ಮೊದಲು.

ಶನಿವಾರದ ಓಟಕ್ಕೆ ದಿಬ್ಬ ಹಾಗೆಯೇ ಇತ್ತು, ಬಲೆಯೂ ಇತ್ತು. ಸ್ಲೊವೇನಿಯಾದ ನೇಜಾ ಎಂಬ ಹುಡುಗಿ, ಹತ್ತೊಂಬತ್ತನೆಯ ನಂಬರಿನವಳು, ತಾವು ಬಿದ್ದಲ್ಲೇ ಬಂದು ಬಿದ್ದಳು. ಎಂಟು ಸಾವಿರ ಜನರ ನಡುವೆ ವಾದ್ಯದವರ ಕಹಳೆ ಅರ್ಧಕ್ಕೆ ನಿಂತಿತು. ಬಲೆಯೊಳಗಿಂದ ಅವಳ ಕಾಲು ಬಿಡಿಸುವಾಗ ನಾನು, "ಎಲ್ಲಿ ನೋವು ಮಗಳೇ?" ಎಂದು ಕೇಳಿದರೆ ಅವಳು ಬಾಯಿಂದ ಹಿಮ ಉಗಿದು, "ಅದಿರ್ಲಿ, ಅಲ್ಲೀವರೆಗೆ ನನ್ನ ಟೈಮ್ ಎಷ್ಟಿತ್ತು?" ಎಂದಳು. ನೀನು ಎರಡನೆಯ ಸ್ಥಾನದಲ್ಲಿದ್ದೆ ಎಂದು ನಾನೆಂದದ್ದಕ್ಕೆ ಬಲೆಯನ್ನೇ ಗುದ್ದಿದಳು. ಆಮೇಲೆ ತನ್ನ ಕಾಲ ಮೇಲೆ ನಡೆದುಕೊಂಡು ಹೋದಳು.

ನಾವು ವೇಗದ ಶತ್ರುಗಳೆಂದು ತಾವು ದಯವಿಟ್ಟು ತಿಳಿಯಬಾರದು. ಓಟಗಾರ್ತಿಯರು ನೂರರ ಮೇಲಿನ ವೇಗದಲ್ಲಿ ನಮ್ಮ ಪಕ್ಕ ಹಾದು ಹೋಗುವಾಗ ಕಿವಿಗೆ ಬಡಿಯುವ ಆ ಸದ್ದಿಗಾಗಿಯೇ ನಾನು ಇಪ್ಪತ್ತಾರು ಚಳಿಗಾಲ ಅಲ್ಲಿ ಕಾಲು ಮರಗಟ್ಟಿಸಿಕೊಂಡು ನಿಂತಿದ್ದೇನೆ. ನಿಲ್ಲಿಸುವವರು ಯಾರೋ ಇದ್ದಾರೆಂಬ ಧೈರ್ಯದಿಂದಲೇ ಆ ಮಕ್ಕಳು ಅಷ್ಟು ಹೆದರಿಕೆ ಬಿಟ್ಟು ಓಡುವುದು. ಬಲೆ ಕ್ಯಾಮೆರಾಗೆ ಅಡ್ಡವೆಂಬ ತಮ್ಮ ಸಂಕಟವೂ ನನಗೆ ಅರ್ಥವಾಗುತ್ತದೆ. ಆದ್ದರಿಂದ ಮುಂದಿನ ವರ್ಷ ತಾವು ಆ ಮೂರು ಲಾರ್ಚ್ ಮರಗಳಿಗೂ ಒಂದು ನೋಟಿಸು ಕಳಿಸಿ, ಹತ್ತು ಮೀಟರ್ ಹಿಂದೆ ಸರಿಯಲು ಹದಿನಾಲ್ಕು ದಿನಗಳ ಗಡುವು ಕೊಡಬೇಕೆಂದು ಕೋರುತ್ತೇನೆ. ಮರಗಳು ಒಪ್ಪದಿದ್ದರೆ, ಬೀಳುವ ಓಟಗಾರ್ತಿಯರು ಬೆಣ್ಣೆಯ ಬೋರ್ಡು ಕಾಣಿಸುವಂತೆ ಬೀಳಲು ಮುಂಚಿತವಾಗಿ ಅರ್ಜಿ ಸಲ್ಲಿಸುವ ಏರ್ಪಾಡಾದರೂ ಆಗಲಿ.

ಭಾನುವಾರ ಬೆಳಿಗ್ಗೆ ನಾವು ಬಲೆ ಸುತ್ತುತ್ತಿದ್ದಾಗ ತಾವು ಯಾರಿಗೂ ಹೇಳದೆ ಬಂದಿರಿ. ಪಕ್ಕೆಗೆ ಪಟ್ಟಿ ಸುತ್ತಿಕೊಂಡೇ ಒಂದು ಸುರುಳಿಯ ತುದಿ ಹಿಡಿದು, "ಇದು ಇಷ್ಟೊಂದು ಭಾರ ಇರತ್ತಾ?" ಎಂದಿರಿ. "ಒದ್ದೆ ಆದ್ರೆ ಇನ್ನೂ ಇದೆ" ಎಂದ ಕಾಸಿಯಾನ್. ಆಮೇಲೆ ಎರಡು ಗಂಟೆ ಹೊತ್ತು ತಾವು ಸುರುಳಿಗಳ ತುದಿ ಹಿಡಿದುಕೊಡುತ್ತಲೇ ಇದ್ದಿರಿ. ನೋಟಿಸಿನ ಮೇಲಿರುವ ತಾರೀಖು ಶುಕ್ರವಾರದ್ದು, ಅಂದರೆ ತಮಗೆ ಬಲೆಯ ಭಾರ ತಿಳಿಯುವುದಕ್ಕೆ ಮೊದಲಿನದು. ಅದನ್ನು ನಾನು ತಮ್ಮ ಪರವಾಗಿಯೇ ಓದಿಕೊಂಡಿದ್ದೇನೆ.

ಇನ್ನು ತಂಡದ ತೀರ್ಮಾನ. ಬಲೆ ಎಲ್ಲಿ, ಎಷ್ಟು ಸಾಲು ಎಂಬುದನ್ನು ಇನ್ನು ಮುಂದೆ ಬಲೆ ಕಟ್ಟುವವರೇ ನಿರ್ಧರಿಸುತ್ತಾರೆಂದು ಸಮಿತಿ ಬರೆದುಕೊಟ್ಟರೆ ಹದಿನಾಲ್ಕೂ ಮಂದಿ ಬರುತ್ತೇವೆ. ಇಲ್ಲವಾದರೆ ಮುಂದಿನ ಜನವರಿಯಲ್ಲಿ ನಾವು ಮನೆಯಲ್ಲಿ ಬೆಚ್ಚಗೆ ಕೂತು ತಮ್ಮ ಓಟವನ್ನು ಟೀವಿಯಲ್ಲಿ ನೋಡುತ್ತೇವೆ. ಬಲೆ ತಂಡವಿಲ್ಲದೆ ಓಟಕ್ಕೆ ಪರವಾನಗಿ ಸಿಗುವುದಿಲ್ಲವೆಂಬುದು ತಮಗೆ ತಿಳಿದೇ ಇದೆ.

ಇಳಿಜಾರಿನ ಕೆಳಬದಿಯಿಂದ, ಎಂದೆಂದೂ ತಮ್ಮ ವಿಶ್ವಾಸಿ,
ನೋಟ್‌ಬುರ್ಗಾ ಥಾಲರ್

ತಾ.ಕ.: ನೋಟಿಸಿನ ಜೊತೆಗಿದ್ದ ನಮೂನೆಯ ಏಳನೆಯ ಅಂಕಣದಲ್ಲಿ "ಈ ಕೆಲಸಕ್ಕೆ ಒಪ್ಪಿಗೆ ಕೊಟ್ಟ ಅಧಿಕಾರಿಯ ಹೆಸರು" ಎಂದು ಕೇಳಿದ್ದಾರೆ. ಅದನ್ನು ಖಾಲಿ ಬಿಟ್ಟು ಕಳಿಸುತ್ತಿದ್ದೇನೆ. ಉತ್ತರವನ್ನು ತಾವು ಟೀವಿಯಲ್ಲಿ ಆಗಲೇ ಹೇಳಿಯಾಗಿದೆ, ಸಹಿ ಮಾತ್ರ ಬಾಕಿ. ಹಿಂದಿನ ತಾರೀಖು ಹಾಕಿಕೊಂಡರೂ ನಮ್ಮ ಅಭ್ಯಂತರವಿಲ್ಲ.